ಬ್ಯಾಟರಿ ಸಿಲಿಕಾನ್ ಗನ್ ತಗೊಳ್ಳಬೇಕಾ, ಕೈ ಗನ್ನೇ ಸಾಕಾ?

ಪ್ರಶ್ನೆ: ನಾನು ಕಿಟಕಿ ಕೂರಿಸುವ ಕೆಲಸದವನು, ಜೊತೆಗೆ ಬಾತ್‌ರೂಮ್ ಫಿಟ್ಟಿಂಗ್ ಕೂಡ ಮಾಡುತ್ತೇನೆ. ಕೆಲವು ದಿನ ಸಂದು ತುಂಬುವ ಸಿಲಿಕಾನ್ ಒಂದೆರಡು ಟ್ಯೂಬ್ ಖರ್ಚಾದರೆ ಹೆಚ್ಚು. ಇನ್ನು ಕೆಲವು ದಿನ ಹತ್ತಕ್ಕೂ ಜಾಸ್ತಿ ಪಿಯು (ಪಾಲಿಯುರೆಥೇನ್, ಸಿಲಿಕಾನಿಗಿಂತ ಗಟ್ಟಿ ಮಾಲು) ಟ್ಯೂಬ್ ಖಾಲಿ ಮಾಡಬೇಕಾಗುತ್ತದೆ. ಅಂಥ ದಿನ ಸಂಜೆ ಹೊತ್ತಿಗೆ ಬೆರಳು ಮಡಚುವುದೇ ಕಷ್ಟ. ಬ್ಯಾಟರಿ ಗನ್ ತಗೊಂಡರೆ ಕೆಲಸ ಬೇಗ ಮುಗಿಯುತ್ತದಾ, ಫಿನಿಶಿಂಗ್ ಚೆನ್ನಾಗಿ ಬರುತ್ತದಾ, ಅಥವಾ ಸುಮ್ನೆ ದುಡ್ಡು ದಂಡವಾ? ತಗೊಳ್ಳೋದಾದರೆ 12 ವೋಲ್ಟಾ, 18 ವೋಲ್ಟಾ? ಕೆಲಸ ಕಲಿಯುತ್ತಿರುವ ಹುಡುಗನೊಬ್ಬ ಜೊತೆಗಿದ್ದಾನೆ, ಅವನಿಗೂ ಒಂದು ಕೊಡಿಸಬೇಕಾ?

ಉತ್ತರ:

ನಿಮ್ಮ ವಿಷಯದಲ್ಲಿ ಹೌದು, ತಗೊಳ್ಳಿ. ಆದರೆ ನೀವು ಕೊಟ್ಟಿರುವ ಕಾರಣಕ್ಕಲ್ಲ. ಕೆಲಸ ಬೇಗ ಮುಗಿಯಲಿ ಅಂತ ತಗೊಂಡರೆ ಬೇಜಾರಾಗುತ್ತದೆ. ಫಿನಿಶಿಂಗ್ ತಾನಾಗೇ ಚೆನ್ನಾಗಿ ಬರಲಿ ಅಂತ ತಗೊಂಡರೂ ಅಷ್ಟೇ. ಬೆರಳು ಮಡಚುವುದಕ್ಕೆ ಆಗುತ್ತಿಲ್ಲ ಅಂದಿರಲ್ಲ, ಅದೊಂದೇ ಕಾರಣ ಸಾಕು. ಈ ಮೆಷಿನ್ ಇರುವುದೇ ಅದಕ್ಕೆ.

ಬ್ಯಾಟರಿ ಗನ್ ಅಂದರೆ ಜಾಸ್ತಿ ಬಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅದು ಪೂರ್ತಿ ನಿಜವಲ್ಲ. ಕೈ ಗನ್ ಮೇಲೆ 12:1, 18:1, 26:1 ಅಂತ ಬರೆದಿರುತ್ತಾರೆ. ನೀವು ಹಿಡಿಕೆಯನ್ನು ಎಷ್ಟು ಬಲದಿಂದ ಒತ್ತುತ್ತೀರೋ ಅದರ ಅಷ್ಟು ಪಟ್ಟು ಬಲ ಮುಂದಿನ ರಾಡ್‌ಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. 15 ಕೆಜಿ ಬಲದಲ್ಲಿ ಒತ್ತಿದರೆ 12:1 ಗನ್ನಿನಲ್ಲಿ ಹೆಚ್ಚೆಂದರೆ 180 ಕೆಜಿ, 26:1 ಗನ್ನಿನಲ್ಲಿ 390 ಕೆಜಿ. ಉಜ್ಜಾಟದಲ್ಲಿ ಒಂದಿಷ್ಟು ಹೋಗುತ್ತದೆ, ಆದರೂ ದೊಡ್ಡ ಬಲವೇ. ಈಗ ಬ್ಯಾಟರಿ ಗನ್ ನೋಡಿ. ಒಳ್ಳೆಯ 18 ವೋಲ್ಟ್ ಗನ್ 4,500 ರಿಂದ 5,000 ನ್ಯೂಟನ್ ಕೊಡುತ್ತದೆ, ಅಂದರೆ ಹತ್ತಿರ ಹತ್ತಿರ 450 ರಿಂದ 500 ಕೆಜಿ ಒತ್ತಿದ ಹಾಗೆ. 12 ವೋಲ್ಟ್‌ನ ಚಿಕ್ಕ ಗನ್ನುಗಳು ಸುಮಾರು 1,800 ನ್ಯೂಟನ್, ಅಂದರೆ 180 ಕೆಜಿ ಆಸುಪಾಸು. ಅಲ್ಲಿಗೆ ಒಳ್ಳೆಯ 26:1 ಕೈ ಗನ್ 12 ವೋಲ್ಟ್ ಮೆಷಿನ್‌ಗಿಂತ ಜಾಸ್ತಿ ಬಲ ಕೊಡಬಲ್ಲದು!

ಹಾಗಾದರೆ ವ್ಯತ್ಯಾಸ ಎಲ್ಲಿ? ಎಷ್ಟು ಸಲ ಒತ್ತಬೇಕು ಅನ್ನುವುದರಲ್ಲಿ.

ಬಲ ಜಾಸ್ತಿ ಸಿಗಬೇಕಾದರೆ ರಾಡ್ ಮುಂದೆ ಹೋಗುವ ದೂರ ಕಡಿಮೆಯಾಗಲೇಬೇಕು, ಸನ್ನೆಕೋಲಿನ ನಿಯಮ ಅದು. ಹಿಡಿಕೆ ಒಂದು ಸಲಕ್ಕೆ ಆರು ಆರೂವರೆ ಸೆಂಟಿಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. 12:1 ಗನ್ನಿನಲ್ಲಿ ರಾಡ್ 5 ಮಿಲಿಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ, 26:1 ರಲ್ಲಿ ಎರಡೂವರೆ ಮಿಲಿಮೀಟರ್ ಮಾತ್ರ. ನಮ್ಮ ಮಾಮೂಲಿ 310 ಮಿಲಿ ಟ್ಯೂಬಿನ ಒಳಗೆ ಮಾಲು ತುಂಬಿರುವ ಉದ್ದ ಹತ್ತಿರ ಹತ್ತಿರ 19 ಸೆಂಟಿಮೀಟರ್. ಹಾಗಾಗಿ 12:1 ಗನ್ನಿನಲ್ಲಿ ಒಂದು ಟ್ಯೂಬಿಗೆ 35 ಸಲ, 26:1 ರಲ್ಲಿ 75 ಸಲ ಒತ್ತಬೇಕು. ಹತ್ತು ಟ್ಯೂಬ್ ಪಿಯು ಅಂದರೆ ಏಳುನೂರೈವತ್ತು ಸಲ ಮುಷ್ಟಿ ಬಿಗಿ ಹಿಡಿದು ಒತ್ತಿದ ಹಾಗಾಯಿತು. ಪ್ರತಿ ಸಲವೂ ಹತ್ತು ಹದಿನೈದು ಕೆಜಿ ಬಲದಲ್ಲಿ. 12:1 ಗನ್ ಇಟ್ಟುಕೊಂಡರೆ ಒತ್ತುವ ಸಲ ಕಡಿಮೆ, ಆದರೆ ಗಟ್ಟಿ ಮಾಲಿಗೆ ಪ್ರತಿ ಸಲ ಎರಡರಷ್ಟು ಬಲ ಬೇಕು. ಯಾವ ಕಡೆಯಿಂದ ನೋಡಿದರೂ ಒಟ್ಟು ದುಡಿಮೆ ನಿಮ್ಮ ಕೈಯದೇ. ಬ್ಯಾಟರಿ ಗನ್ನಿನಲ್ಲಿ ಒಂದು ಬೆರಳಲ್ಲಿ ಟ್ರಿಗರ್ ಹಿಡಿದುಕೊಂಡರೆ ಸಾಕು.

ಇಲ್ಲಿ ಸ್ವಲ್ಪ ಗಂಭೀರವಾಗಿ ಒಂದು ಮಾತು ಹೇಳುತ್ತೇನೆ. ಸಂಜೆ ಬೆರಳು ಬಿಗಿಯುವುದು ಬರೀ ಆಯಾಸ ಅಂತ ಬಿಡಬೇಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಮಲಗಿದಾಗ ಜೋಮು ಹಿಡಿಯುತ್ತಿದ್ದರೆ, ಕೈ ಕೊಡವಿದ ಮೇಲೆ ಸರಿಹೋಗುತ್ತಿದ್ದರೆ, ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುತ್ತಿರುವ ಸೂಚನೆ ಇರಬಹುದು, ಕಾರ್ಪಲ್ ಟನಲ್ ಅನ್ನುತ್ತಾರಲ್ಲ ಅದು. ಮೊಣಕೈಯ ಹೊರಗಡೆ ನೋವು ಬರುತ್ತಿದ್ದರೆ ಅಲ್ಲಿನ ಸ್ನಾಯುರಜ್ಜು ಸೋತಿರಬಹುದು. ಎರಡೂ ಒಂದೇ ಥರದ ಹಿಡಿತವನ್ನು ಬಲ ಹಾಕಿ ಮತ್ತೆ ಮತ್ತೆ ಮಾಡುವವರಿಗೆ ಬರುವಂಥವು. ಬೇಗ ಡಾಕ್ಟರಿಗೆ ತೋರಿಸಿದರೆ ಸರಿ ಮಾಡಿಕೊಳ್ಳುವುದು ಸುಲಭ, ವರ್ಷಗಟ್ಟಲೆ ಎಳೆದರೆ ಕಷ್ಟ. ನಮ್ಮ ಕೆಲಸದಲ್ಲಿ ಗನ್ ಹೋದರೆ ಇನ್ನೊಂದು ತರಬಹುದು, ಕೈ ಹಾಗಲ್ಲ ಅಲ್ವಾ.

ಇನ್ನು ಬೇಗ ಆಗುತ್ತದಾ ಅನ್ನುವ ಪ್ರಶ್ನೆ. ಒಂದು ಟ್ಯೂಬ್ ಕೈಯಲ್ಲಿ ಖಾಲಿ ಮಾಡುವುದಕ್ಕೆ ಒಂದೂವರೆ ಎರಡು ನಿಮಿಷ ಹಿಡಿಯಬಹುದು. ಮೆಷಿನ್‌ನಲ್ಲಿ ಅದರ ಅರ್ಧ ಅಂತಲೇ ಇಟ್ಟುಕೊಳ್ಳಿ. ಹತ್ತು ಟ್ಯೂಬಿಗೆ ಉಳಿಯುವುದು ಹತ್ತು ನಿಮಿಷ. ಆದರೆ ಸಂದು ಕ್ಲೀನ್ ಮಾಡುವುದು, ಹಳೆಯ ಸಿಲಿಕಾನ್ ಕಿತ್ತು ತೆಗೆಯುವುದು, ಬ್ಯಾಕರ್ ರಾಡ್ (ಸಂದಿನ ತಳಕ್ಕೆ ಹಾಕುವ ಫೋಮ್ ಹಗ್ಗ) ತುರುಕುವುದು, ಪ್ರೈಮರ್ ಹಚ್ಚಿ ಒಣಗಲು ಬಿಡುವುದು, ಮಾಸ್ಕಿಂಗ್ ಟೇಪ್ ಅಂಟಿಸುವುದು, ಮಾಲು ಹಾಕಿದ ಮೇಲೆ ಸವರುವುದು, ಟೇಪ್ ಎಳೆಯುವುದು, ಇದೆಲ್ಲ ಎಷ್ಟು ಹೊತ್ತು ತಿನ್ನುತ್ತದೆ ಅಂತ ನಿಮಗೇ ಗೊತ್ತು. ಅಲ್ಲಿ ಬ್ಯಾಟರಿಗೆ ಏನೂ ಕೆಲಸವಿಲ್ಲ. ಮಾಲು ಹಾಕುವ ವೇಗವೂ ನಿಮ್ಮ ಕೈಯಲ್ಲಿಲ್ಲ, ಮೇಲ್ಪದರ ಕಟ್ಟುವ ಮೊದಲು ಎಷ್ಟು ಉದ್ದ ಸವರಿ ಮುಗಿಸಬಲ್ಲಿರಿ ಅನ್ನುವುದರ ಮೇಲಿದೆ. ಸಿಲಿಕಾನ್ ಹತ್ತು ಹದಿನೈದು ನಿಮಿಷದಲ್ಲೇ ಪದರ ಕಟ್ಟುವುದುಂಟು, ಸೆಕೆ ಮತ್ತು ತೇವ ಜಾಸ್ತಿ ಇದ್ದರೆ ಇನ್ನೂ ಬೇಗ. ಮೆಷಿನ್ ಇದೆ ಅಂತ ಇಪ್ಪತ್ತು ಮೀಟರ್ ಒಂದೇ ಉಸಿರಿಗೆ ಎಳೆದುಬಿಟ್ಟರೆ ಕೊನೆಯ ಐದು ಮೀಟರ್ ಸವರುವ ಹೊತ್ತಿಗೆ ಅದು ಕಿತ್ತುಬರುತ್ತದೆ.

ನಿಜವಾಗಿ ಟೈಮ್ ಉಳಿಯುವ ಜಾಗ ಒಂದಿದೆ, ಅಗಲದ ಸಂದುಗಳು. ಅದಕ್ಕೆ ಈ ಲೆಕ್ಕ ಮನಸ್ಸಲ್ಲಿರಲಿ. 6 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ಆಳದ ಸಂದಿಗೆ 310 ಮಿಲಿ ಟ್ಯೂಬ್ ಎಂಟೂವರೆ ಮೀಟರ್ ಬರುತ್ತದೆ. 10 ಕ್ಕೆ 10 ಆದರೆ ಮೂರು ಮೀಟರ್ ಅಷ್ಟೇ. 20 ಅಗಲ 10 ಆಳ ಆದರೆ ಒಂದೂವರೆ ಮೀಟರ್, ಅಂದರೆ ಒಂದು ಕಿಟಕಿಯ ಒಂದು ಬದಿಗೇ ಟ್ಯೂಬ್ ಮುಗಿಯುತ್ತದೆ. ಅಂಥ ಕಡೆ 600 ಮಿಲಿ ಸಾಸೇಜ್ ಪ್ಯಾಕ್ (ಟ್ಯೂಬಿನ ಬದಲು ಫಾಯಿಲ್‌ನಲ್ಲಿ ಸುತ್ತಿ ಬರುವ ಮಾಲು) ಹಾಕಿಕೊಂಡು ಬ್ಯಾಟರಿ ಗನ್ನಿನಲ್ಲಿ ಹೊಡೆದರೆ ಮೂರು ಮೀಟರ್ ತಡೆಯಿಲ್ಲದೆ ಹೋಗುತ್ತದೆ. ಟ್ಯೂಬ್ ಬದಲಾಯಿಸುವುದು ಅರ್ಧವಾಗುತ್ತದೆ, ನಾಝಲ್ ಕತ್ತರಿಸುವುದು ಅರ್ಧವಾಗುತ್ತದೆ, ಖಾಲಿ ಪ್ಲಾಸ್ಟಿಕ್ ಟ್ಯೂಬಿನ ರಾಶಿಯೂ ಇರುವುದಿಲ್ಲ, ಒಂದು ಮುಷ್ಟಿ ಫಾಯಿಲ್ ಉಳಿಯುತ್ತದೆ ಅಷ್ಟೇ. 600 ಮಿಲಿ ಪಿಯು ಸಾಸೇಜನ್ನು ದಿನವಿಡೀ ಕೈಯಲ್ಲಿ ಒತ್ತುವವರನ್ನು ನೋಡಿದ್ದೇನೆ. ಅದು ಶ್ರಮ ಅಲ್ಲ, ಶಿಕ್ಷೆ. ಅವರಿಗೆಲ್ಲ ನಾನು ಎರಡನೇ ಮಾತಿಲ್ಲದೆ ಮೆಷಿನ್ ತಗೊಳ್ಳಿ ಅನ್ನುತ್ತೇನೆ.

ಫಿನಿಶಿಂಗ್ ವಿಷಯಕ್ಕೆ ಬರೋಣ, ಇದರಲ್ಲಿ ಹೇಳುವುದು ಜಾಸ್ತಿ ಇದೆ.

ಕೈ ಗನ್ನಿನಲ್ಲಿ ಮಾಲು ಒಂದೇ ಸಮ ಬರುವುದಿಲ್ಲ. ಒತ್ತಿದಾಗ ದಪ್ಪ, ಹಿಡಿಕೆ ಹಿಂದೆ ಬರುವಾಗ ಸಣ್ಣ. ಅನುಭವ ಇರುವವರು ಅದಕ್ಕೆ ತಕ್ಕ ಹಾಗೆ ಕೈಯ ವೇಗ ಬದಲಿಸುತ್ತಾ ಹೋಗುತ್ತಾರೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಉದ್ದನೆಯ, ಆಳದ ಸಂದಿನಲ್ಲಿ ಈ ನಿಂತು ನಿಂತು ಹೋಗುವುದರಿಂದ ಒಳಗೆ ಗಾಳಿ ಗುಳ್ಳೆ ಉಳಿಯುವ ಸಾಧ್ಯತೆ ಇದೆ. ಮೇಲಿನಿಂದ ಸವರಿದರೆ ಕಾಣುವುದಿಲ್ಲ, ಆದರೆ ಆ ಜಾಗದಲ್ಲಿ ಮಾಲು ಬರೀ ತೆಳ್ಳಗಿನ ಚರ್ಮ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವಾಗ ಮೊದಲು ಹರಿಯುವುದು ಅದೇ. ಬ್ಯಾಟರಿ ಗನ್ ಒಂದೇ ಸಮ ತಳ್ಳುವುದರಿಂದ ಸಂದಿನ ತಳದಿಂದ ತುಂಬಿಕೊಂಡು ಬರುತ್ತದೆ. ಹೊರಗೋಡೆಯ ಸಂದು, ಕಟ್ಟಡ ಹಿಗ್ಗಿ ಕುಗ್ಗಲು ಬಿಡುವ ಎಕ್ಸ್‌ಪಾನ್ಶನ್ ಜಾಯಿಂಟ್, ದೊಡ್ಡ ಕಿಟಕಿ ಸುತ್ತಲಿನ ಸಂದು, ಇಲ್ಲೆಲ್ಲ ಇದು ನಿಜವಾದ ಲಾಭ.

ಆದರೆ ಬಾತ್‌ರೂಮಿನ ಕೆಲಸದಲ್ಲಿ ಕಥೆ ಬೇರೆ. ಬೇಸಿನ್ ಸುತ್ತ ನಾಲ್ಕು ಮಿಲಿಮೀಟರ್‌ನ ಸಣ್ಣ ಗೆರೆ, ಹತ್ತು ಸೆಂಟಿಮೀಟರಿಗೊಂದು ಮೂಲೆ, ಗೋಡೆಗೆ ಅಂಟಿದ ಹಾಗೆ ನಲ್ಲಿ. ಇಲ್ಲಿ ಟ್ರಿಗರ್ ಒತ್ತುವುದು ಬಿಡುವುದೇ ಜಾಸ್ತಿ. ಮೆಷಿನ್‌ನಲ್ಲಿ ಟ್ರಿಗರ್ ಒತ್ತಿದ ತಕ್ಷಣ ಮಾಲು ಬರುವುದಿಲ್ಲ, ಟ್ಯೂಬಿನಲ್ಲಿ ಒತ್ತಡ ಏರಬೇಕು. ಬಿಟ್ಟ ತಕ್ಷಣ ನಿಲ್ಲುವುದೂ ಇಲ್ಲ. ಒಳ್ಳೆಯ ಗನ್ನುಗಳಲ್ಲಿ ಟ್ರಿಗರ್ ಬಿಟ್ಟಾಗ ರಾಡ್ ತಾನೇ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ, ಅದರಿಂದ ಸೋರುವುದು ತುಂಬಾ ಕಡಿಮೆಯಾಗುತ್ತದೆ. ಆದರೂ ಟ್ಯೂಬಿನ ಪ್ಲಾಸ್ಟಿಕ್ ಒತ್ತಡಕ್ಕೆ ಉಬ್ಬಿರುತ್ತದೆ, ಅದು ಕುಗ್ಗುವಾಗ ಒಂದು ಹನಿ ಬಂದೇ ಬರುತ್ತದೆ. ಕೈ ಗನ್ನಿನಲ್ಲಿ ಹಿಂದಿನ ತಗಡನ್ನು ಹೆಬ್ಬೆರಳಿಂದ ಒತ್ತಿದರೆ ಆಯಿತು.

ಇನ್ನೊಂದು ಇದೆ. ಕೈ ಗನ್ ನಿಮಗೆ ಸುದ್ದಿ ಕೊಡುತ್ತದೆ. ಮಾಲು ಗಟ್ಟಿಯಾಗಿದೆ, ಮಧ್ಯೆ ಗಾಳಿ ಸಿಕ್ಕಿದೆ, ನಾಝಲ್ ಕಟ್ಟಿಕೊಂಡಿದೆ, ಇದೆಲ್ಲ ಅಂಗೈಗೆ ಗೊತ್ತಾಗುತ್ತದೆ. ಮೆಷಿನ್‌ಗೆ ಗೊತ್ತಾಗುವುದು ತಳ್ಳುವುದು ಮಾತ್ರ. ನಿನ್ನೆ ಬಳಸಿ ಬಿಟ್ಟ ಟ್ಯೂಬಿನ ಬಾಯಲ್ಲಿ ಮಾಲು ಗಟ್ಟಿಯಾಗಿದ್ದರೆ, ಅದನ್ನು ಹಾಗೇ ಹಾಕಿ ಟ್ರಿಗರ್ ಒತ್ತಿದರೆ, ಅದು ಬಾಯಿಂದ ಬರುವ ಬದಲು ಹಿಂದಿನ ಬಿರಡೆಯ ಪಕ್ಕದಿಂದ ಬರುತ್ತದೆ ಅಥವಾ ಟ್ಯೂಬೇ ಸೀಳುತ್ತದೆ. 5,000 ನ್ಯೂಟನ್ ಅಂದರೆ ಟ್ಯೂಬಿನ ಒಳಗೆ ಸುಮಾರು 30 ಬಾರ್ ಒತ್ತಡ. ಪ್ಲಾಸ್ಟಿಕ್ ಟ್ಯೂಬನ್ನು ಅದಕ್ಕೆ ಮಾಡಿರುವುದಿಲ್ಲ. ಆದ್ದರಿಂದ ಮೆಷಿನ್ ಇರುವವರು ಹಳೆಯ ಟ್ಯೂಬ್ ಹಾಕುವ ಮುಂಚೆ ಬಾಯಿ ಮೊಳೆಯಲ್ಲಿ ಕೆದಕಿ ನೋಡಲೇಬೇಕು. ಸದ್ದು ಬದಲಾದರೆ, ಮೋಟರ್ ನರಳಿದರೆ ತಕ್ಷಣ ಟ್ರಿಗರ್ ಬಿಡಿ. ನಾಝಲ್ ಬಿಡಿಸುವಾಗ ಬ್ಯಾಟರಿ ತೆಗೆದಿಡಿ.

ಹಾಗಾಗಿ ನನ್ನ ಅಭಿಪ್ರಾಯ ಇದು. ಕಿಟಕಿ ಕೆಲಸಕ್ಕೆ, ಪಿಯು ಮತ್ತು ಹೈಬ್ರಿಡ್ (ಸಿಲಿಕಾನ್, ಪಿಯು ಎರಡರ ಗುಣ ಬೆರೆತ) ಮಾಲಿಗೆ ಮೆಷಿನ್. ಬಾತ್‌ರೂಮಿಗೆ, ಅಡುಗೆಕಟ್ಟೆಗೆ, ಮೇಲೆ ಬಣ್ಣ ಹಚ್ಚಲು ಬರುವ ಆಕ್ರಿಲಿಕ್ ಮಾಲು ತುಂಬುವುದಕ್ಕೆ ಕೈ ಗನ್. ಮೆಷಿನ್ ಬಂತು ಅಂತ ಕೈ ಗನ್ ಮೂಲೆಗೆ ಎಸೆಯಬೇಡಿ. ಬರೀ ಬಾತ್‌ರೂಮ್ ಫಿಟ್ಟಿಂಗ್ ಮಾಡುವವರು ಇದೇ ಪ್ರಶ್ನೆ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ದಿನಕ್ಕೆ ಐದಾರು ಟ್ಯೂಬ್ ಗಟ್ಟಿ ಮಾಲು ದಾಟುವ ದಿನಗಳು ವಾರದಲ್ಲಿ ಎರಡಾದರೂ ಇದ್ದರೆ ತಗೊಳ್ಳುವುದರಲ್ಲಿ ಅರ್ಥವಿದೆ. ಇದು ನನ್ನ ಅಂದಾಜು, ಯಾವ ಪುಸ್ತಕದ್ದೂ ಅಲ್ಲ. ಮೊದಲೇ ಕೈ ನೋವು ಇರುವವರಿಗೆ ಈ ಲೆಕ್ಕವೂ ಬೇಡ.

ದುಡ್ಡು ಬಿಚ್ಚುವ ಮೊದಲು ಎರಡು ಕೆಲಸ ಮಾಡಿ ನೋಡಿ, ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ನಾಝಲ್. ತುಂಬಾ ಜನ ತುದಿಯಲ್ಲಿ ಚೂರೇ ಚೂರು ಕತ್ತರಿಸಿ, ಆ ಸಣ್ಣ ತೂತಿನಲ್ಲಿ ಪಿಯು ತಳ್ಳುತ್ತಾ ಗನ್ನನ್ನು ಬೈಯುತ್ತಿರುತ್ತಾರೆ. ತೂತಿನ ಅಗಲ ಅರ್ಧ ಆದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಸಂದಿನ ಅಗಲಕ್ಕಿಂತ ಚೂರು ಕಡಿಮೆ ಇರುವಷ್ಟು ಓರೆಯಾಗಿ ಕತ್ತರಿಸಿ. ಒಳಗಿನ ಫಾಯಿಲ್ ಸೀಲನ್ನು ಒಂದು ಚುಚ್ಚು ಚುಚ್ಚಿ ಬಿಡಬೇಡಿ, ಅದನ್ನು ಪೂರ್ತಿ ಅಗಲ ಮಾಡಿ. ಇದರಿಂದಲೇ ಕೈಗೆ ಬೀಳುವ ಭಾರ ಎದ್ದು ಕಾಣುವಷ್ಟು ಇಳಿಯುತ್ತದೆ.

ಎರಡನೆಯದು ಮಾಲಿನ ಬಿಸಿ. ಸಿಲಿಕಾನ್ ಚಳಿಗೆ ಅಷ್ಟಾಗಿ ಗಟ್ಟಿಯಾಗುವುದಿಲ್ಲ, ಅದರ ಸ್ವಭಾವ ಹಾಗೆ. ಪಿಯು ಹಾಗಲ್ಲ, ತಣ್ಣಗಾದರೆ ಬೆಲ್ಲದ ಪಾಕ ಆರಿದ ಹಾಗೆ ಬಿಗಿಯುತ್ತದೆ. ರಾತ್ರಿಯೆಲ್ಲ ಗಾಡಿಯಲ್ಲಿ ಚಳಿಗೆ ಬಿದ್ದಿದ್ದ ಟ್ಯೂಬನ್ನು ಬೆಳಿಗ್ಗೆ ಹಾಗೇ ಗನ್ನಿಗೆ ಹಾಕಿದರೆ ಯಾವ ಕೈಯೂ ತಡೆಯುವುದಿಲ್ಲ. ಹಿಂದಿನ ದಿನವೇ 20 ರಿಂದ 25 ಡಿಗ್ರಿ ಇರುವ ಒಳಕೋಣೆಯಲ್ಲಿ ಇಡಿ. ಅವಸರ ಇದ್ದರೆ ಸೀಲ್ ಒಡೆಯದ ಟ್ಯೂಬನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು, ಒರೆಸಿ ಬಳಸಿ. ಬೆಂಕಿಗೆ ಹಿಡಿಯುವುದು, ಹೀಟ್ ಗನ್ ಬಿಡುವುದು ಮಾತ್ರ ಯಾವತ್ತೂ ಬೇಡ. ಪಿಯು ಮಾಲಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಬಿಸಿಯಾಗಿ ಆವಿಯಾದರೆ ಉಸಿರಿಗೆ ಕೆಟ್ಟದ್ದು. ಮಾಮೂಲಿ ಬಳಸುವಾಗಲೂ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ.

ಇದೆರಡರ ಜೊತೆ ಈಗಿರುವ ಗನ್ ಯಾವುದು ಅಂತಲೂ ನೋಡಿಕೊಳ್ಳಿ. ಹಲ್ಲಿನ ರಾಡ್ ಇರುವ, ತೆಳು ತಗಡಿನ ಗನ್ನಿನಲ್ಲಿ ಪಿಯು ಒತ್ತುತ್ತಿದ್ದರೆ ಅರ್ಧ ನೋವಿಗೆ ಅದೇ ಕಾರಣ. ನುಣುಪು ರಾಡ್‌ನ, ಗಟ್ಟಿ ಹಿಡಿಕೆಯ 18:1 ಅಥವಾ 26:1 ಗನ್ನಿಗೆ ಬದಲಾಯಿಸಿ. ಮೆಷಿನ್ ತಗೊಂಡರೂ ಇದು ಬೇಕೇ ಬೇಕು.

12 ವೋಲ್ಟಾ, 18 ವೋಲ್ಟಾ? ಮೊದಲು ನಿಮ್ಮ ಡ್ರಿಲ್, ಗ್ರೈಂಡರ್ ಯಾವ ಬ್ಯಾಟರಿಯದು ನೋಡಿ. ಅದೇ ಕಂಪನಿಯ ಅದೇ ಬ್ಯಾಟರಿಗೆ ಹೊಂದುವ ಗನ್ ಸಿಕ್ಕರೆ ಬರೀ ಬಾಡಿ ಕೊಂಡರೆ ಸಾಕು, ಚಾರ್ಜರ್ ಬ್ಯಾಟರಿಗೆ ಮತ್ತೆ ದುಡ್ಡು ಹಾಕಬೇಕಾಗಿಲ್ಲ. ಬೇರೆ ಕಂಪನಿಯದ್ದು ಎಷ್ಟೇ ಚೆನ್ನಾಗಿದ್ದರೂ ಎರಡು ಥರದ ಬ್ಯಾಟರಿ ಹೊತ್ತು ತಿರುಗುವುದು ತಲೆನೋವು. ಅದು ಬಿಟ್ಟರೆ, ನೀವು ಪಿಯು ಜಾಸ್ತಿ ಬಳಸುವವರು, ಆದ್ದರಿಂದ 18 ವೋಲ್ಟ್ ಅನ್ನುತ್ತೇನೆ. 12 ವೋಲ್ಟ್ ಹಗುರ, ಸಿಲಿಕಾನ್, ಆಕ್ರಿಲಿಕ್‌ಗೆ ಚೆನ್ನಾಗಿದೆ, ಬೆಚ್ಚಗಿನ ಪಿಯು ಕೂಡ ತಳ್ಳುತ್ತದೆ. ತಣ್ಣಗಿನ ಪಿಯುಗೆ, 600 ಮಿಲಿ ಸಾಸೇಜಿಗೆ ಅದನ್ನು ದಿನಾ ಬಳಸಿದರೆ ಏದುಸಿರು ಬಿಡುತ್ತದೆ.

ಭಾರದ ವಿಷಯ ಮರೆಯಬೇಡಿ. ಒಳ್ಳೆಯ ಕೈ ಗನ್ ಒಂದು ಕೆಜಿ ಆಸುಪಾಸು ಇರುತ್ತದೆ. 18 ವೋಲ್ಟ್ ಗನ್ ಬ್ಯಾಟರಿ ಸಮೇತ ಎರಡೂವರೆ ಕೆಜಿ ಹತ್ತಿರ, ಅದಕ್ಕೆ 600 ಮಿಲಿ ಮಾಲು ಹಾಕಿದರೆ ಮೂರು ದಾಟುತ್ತದೆ. ನಿಮಗೆ ಬೆರಳಿನ ಭಾರ ಹೋಗಿ ಭುಜದ ಭಾರ ಬರುತ್ತದೆ. ಎದೆ ಮಟ್ಟದಲ್ಲಿ, ನೆಲದಲ್ಲಿ ಕೆಲಸ ಮಾಡುವಾಗ ಗೊತ್ತಾಗುವುದಿಲ್ಲ, ಕಿಟಕಿಯ ಮೇಲಿನ ಅಂಚಿಗೆ ಏಣಿ ಮೇಲೆ ನಿಂತು ಕೈ ಎತ್ತಿ ಹಿಡಿದಾಗ ಗೊತ್ತಾಗುತ್ತದೆ. ದೊಡ್ಡ ಬ್ಯಾಟರಿ ಬೇಡ, ಇರುವುದರಲ್ಲಿ ಚಿಕ್ಕದನ್ನು ಹಾಕಿ. ಈ ಗನ್ ಬ್ಯಾಟರಿಯನ್ನು ಗ್ರೈಂಡರಿನ ಹಾಗೆ ಕುಡಿಯುವುದಿಲ್ಲ, ಚಿಕ್ಕದರಲ್ಲೇ ಒಂದು ದಿನದ ಮಾಮೂಲಿ ಕೆಲಸ ಆಗುತ್ತದೆ. ಎಡಗೈಯನ್ನು ಮುಂದಿನ ಕೊಳವೆ ಕೆಳಗೆ ಕೊಟ್ಟು ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಕೊಂಡುಕೊಳ್ಳುವ ಮುಂಚೆ ತುಂಬಿದ ಟ್ಯೂಬ್ ಹಾಕಿಸಿ, ಕೈ ಎತ್ತಿ ಎರಡು ನಿಮಿಷ ಹಿಡಿದು ನೋಡಿ. ಡಬ್ಬಿಯ ಮೇಲೆ ಬರೆದ ತೂಕಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ಡಬ್ಬಿಯ ಮೇಲೆ ಇನ್ನೊಂದು ದೊಡ್ಡಕ್ಷರದಲ್ಲಿ ಇರುತ್ತದೆ, ಗರಿಷ್ಠ ವೇಗ. ಅದಕ್ಕೆ ಬೆಲೆ ಕೊಡಬೇಡಿ. 6 ಕ್ಕೆ 6 ಸಂದಿನಲ್ಲಿ ಸೆಕೆಂಡಿಗೆ ಐದು ಸೆಂಟಿಮೀಟರ್ ಕೈ ಓಡಿಸಿದರೆ ರಾಡ್ ಸೆಕೆಂಡಿಗೆ ಬರೀ 1 ಮಿಲಿಮೀಟರ್ ಮುಂದೆ ಹೋದರೆ ಸಾಕು. ಅದೇ ವೇಗದಲ್ಲಿ 20 ಕ್ಕೆ 10 ರ ದೊಡ್ಡ ಸಂದಿನಲ್ಲೂ ಸುಮಾರು ಆರು ಮಿಲಿಮೀಟರ್ ಅಷ್ಟೇ. ನಮಗೆ ಬೇಕಾಗಿರುವುದು ಅತಿ ನಿಧಾನದಲ್ಲೂ ಜರ್ಕ್ ಇಲ್ಲದೆ ಓಡುವ ಗನ್. ವೇಗಕ್ಕೆ ಮಿತಿ ಹಾಕುವ ಡಯಲ್ ಬೇರೆ, ಬೆರಳಿನ ಒತ್ತಡಕ್ಕೆ ಬದಲಾಗುವ ಟ್ರಿಗರ್ ಬೇರೆ, ಎರಡೂ ಇರಲಿ. ಡಯಲನ್ನು ಅತಿ ಕೆಳಗೆ ಇಟ್ಟು ಓಡಿಸಿ ನೋಡಿ, ನಡುಗುತ್ತಾ ಹೋದರೆ ಆ ಗನ್ ಬೇಡ. ಟ್ರಿಗರ್ ಬಿಟ್ಟಾಗ ರಾಡ್ ಹಿಂದೆ ಸರಿಯುತ್ತದಾ ಅಂತಲೂ ನೋಡಿ. 310 ಮಿಲಿ ಟ್ಯೂಬ್ ಕೂರುವ ಮುಂಭಾಗ ಮತ್ತು 600 ಮಿಲಿ ಕೊಳವೆ ಎರಡನ್ನೂ ಬದಲಾಯಿಸಿ ಹಾಕಲು ಬರುವ ಮಾಡೆಲ್ ಸಿಕ್ಕರೆ ಅದೇ ಒಳ್ಳೆಯದು, ಇವತ್ತಲ್ಲದಿದ್ದರೂ ಮುಂದೆ ಸಾಸೇಜಿಗೆ ಹೋಗುತ್ತೀರಿ.

ಗಾಳಿಯ ಗನ್ ಬಗ್ಗೆ ನೀವು ಕೇಳಿಲ್ಲ, ಆದರೂ ಕೆಲವರು ಅದನ್ನು ಕೊಳ್ಳಿ ಅನ್ನುತ್ತಾರೆ. ಕಂಪ್ರೆಸರ್ ಇರುವ ವರ್ಕ್‌ಶಾಪಿನಲ್ಲಿ, ಒಂದೇ ಜಾಗದಲ್ಲಿ ಕೂತು ಮಾಡುವ ಕೆಲಸಕ್ಕೆ ಅದು ಚೆಂದ, ಗನ್ ಹಗುರ ಇರುತ್ತದೆ. ಆದರೆ 6 ಬಾರ್ ಗಾಳಿ ನೇರ ಟ್ಯೂಬಿನ ಹಿಂದೆ ಒತ್ತಿದರೆ ಸಿಗುವ ಬಲ ಸುಮಾರು 1,000 ನ್ಯೂಟನ್ ಅಷ್ಟೇ, 12 ವೋಲ್ಟ್ ಗನ್ನಿಗಿಂತಲೂ ಕಡಿಮೆ. ಬಿರಡೆಯ ಪಕ್ಕದಿಂದ ಗಾಳಿ ನುಸುಳಿದರೆ ಮಾಲಿನಲ್ಲಿ ಗುಳ್ಳೆ ಬರುತ್ತದೆ. ಸೈಟಿಂದ ಸೈಟಿಗೆ ಓಡಾಡುವ ನಿಮಗೆ ಪೈಪ್ ಎಳೆದುಕೊಂಡು ಹೋಗುವುದು ಬೇಡ.

ಎರಡು ಮಾಲು ಬೆರೆಸುವ ಟ್ಯೂಬ್ ಬಗ್ಗೆ ಒಂದು ಎಚ್ಚರಿಕೆ. ಕೆಮಿಕಲ್ ಆಂಕರ್ (ಗೋಡೆಯ ತೂತಿನಲ್ಲಿ ಬೋಲ್ಟ್ ಹಿಡಿಸುವ ಅಂಟು), ಎಪಾಕ್ಸಿ ಬಳಸುವವರು ಸಾಮಾನ್ಯ ಗನ್ನಿನಲ್ಲಿ ಎಲ್ಲವೂ ಆಗುತ್ತದೆ ಅಂದುಕೊಳ್ಳಬಾರದು. 300 ಮಿಲಿಯ ಕೆಲವು ಟ್ಯೂಬ್‌ಗಳು ಸಿಲಿಕಾನ್ ಗನ್ನಿಗೇ ಹೊಂದುವ ಹಾಗೆ ಮಾಡಿರುತ್ತಾರೆ. ಅಕ್ಕಪಕ್ಕ ಎರಡು ಕೊಳವೆ ಇರುವವಕ್ಕೆ 1:1, 2:1, 10:1 ಅಂತ ಎರಡು ಮಾಲು ಬೆರೆಯುವ ಅಳತೆ ಇರುತ್ತದೆ, ಆ ಅಳತೆಯದೇ ಗನ್ ಬೇಕು. ಮಧ್ಯೆ ಕೈ ನಿಲ್ಲಿಸಿದರೆ ಮಿಕ್ಸರ್ ನಾಝಲ್‌ನಲ್ಲೇ ಗಟ್ಟಿಯಾಗುವ ಮಾಲು ಅದು. ಇಡೀ ದಿನ ಆಂಕರ್ ತುಂಬುವವರಿಗೆ ಮೆಷಿನ್ ತುಂಬಾ ಉಪಕಾರ ಮಾಡುತ್ತದೆ.

ಮೆಷಿನ್ ಬಂದ ಮೇಲೆ ಬಾಳಿಕೆ ಬರಬೇಕಾದರೆ ರಾಡ್ ಕಡೆ ಗಮನ ಇರಲಿ. ಹಲ್ಲಿಗೆ ಅಂಟಿದ ಪಿಯುವನ್ನು ಹಸಿ ಇರುವಾಗಲೇ ಒರೆಸಿ, ಒಣಗಿದರೆ ಅದು ಬಿಡುವುದಿಲ್ಲ. ಸಿಲಿಕಾನ್ ಇದಕ್ಕೆ ತಿರುಗಮುರುಗ, ಹಸಿ ಇರುವಾಗ ಒರೆಸಿದರೆ ಎಲ್ಲ ಕಡೆ ಮೆತ್ತಿಕೊಳ್ಳುತ್ತದೆ, ಗಟ್ಟಿಯಾಗಲು ಬಿಟ್ಟು ರಬ್ಬರಿನ ಹಾಗೆ ಕಿತ್ತು ತೆಗೆಯಿರಿ. ಸಾಸೇಜ್ ಕೊಳವೆಯ ಒಳಗೆ ಫಾಯಿಲ್ ಹರಿದು ಮಾಲು ಸೋರಿದ್ದರೆ ಅವತ್ತೇ ಕ್ಲೀನ್ ಮಾಡಿ, ಇಲ್ಲವಾದರೆ ಪಿಸ್ಟನ್ ಅಲ್ಲೇ ಅಂಟಿಕೊಳ್ಳುತ್ತದೆ. ಸಾಸೇಜಿನ ತುದಿಯಲ್ಲಿರುವ ಲೋಹದ ಕ್ಲಿಪ್ಪನ್ನು ಪೂರ್ತಿ ಕತ್ತರಿಸಿ ತೆಗೆದೇ ಹಾಕಿ, ಅರ್ಧಂಬರ್ಧ ಬಿಟ್ಟರೆ ಅದೇ ಬಂದು ನಾಝಲ್‌ಗೆ ಅಡ್ಡ ಕೂರುತ್ತದೆ.

ಒಂದನ್ನು ಮಾತ್ರ ಮೆಷಿನ್ ಬದಲಿಸುವುದಿಲ್ಲ, ಕೈಯಲ್ಲಿದ್ದರೂ ಬ್ಯಾಟರಿಯಲ್ಲಿದ್ದರೂ ಸಂದು ಹಿಡಿಯುವುದು ತಯಾರಿಯಿಂದ. ಧೂಳು, ತೇವ, ಹಳೆಯ ಮಾಲು ಇರುವ ಕಡೆ ಏನು ತುಂಬಿದರೂ ಬಿಟ್ಟುಬರುತ್ತದೆ. ಅಗಲದ ಸಂದಿನಲ್ಲಿ ಬ್ಯಾಕರ್ ರಾಡ್ ಹಾಕಿ, ಆಳವನ್ನು ಅಗಲದ ಅರ್ಧದಷ್ಟಕ್ಕೆ ಇಳಿಸಿ, ಎರಡೇ ಬದಿಗೆ ಅಂಟುವ ಹಾಗೆ ನೋಡಿಕೊಂಡರೆ ಮಾಲು ಹಿಗ್ಗಿ ಕುಗ್ಗಲು ಜಾಗ ಸಿಗುತ್ತದೆ. ತಳಕ್ಕೂ ಅಂಟಿದರೆ ಹರಿಯುತ್ತದೆ. ಬ್ಯಾಟರಿ ಗನ್ ಬಂದ ಮೇಲೆ ಬ್ಯಾಕರ್ ರಾಡ್ ಬಿಟ್ಟು ಆಳವಾದ ಸಂದನ್ನೆಲ್ಲ ಮಾಲಿನಿಂದಲೇ ತುಂಬುವ ಚಟ ಹತ್ತುವುದುಂಟು, ತಳ್ಳುವುದು ಸುಲಭ ಆಯಿತಲ್ಲ ಅಂತ. ಅದರಿಂದ ಮಾಲೂ ದಂಡ, ಸಂದೂ ಹಾಳು.

ಇನ್ನು ನಿಮ್ಮ ಹುಡುಗನ ವಿಷಯ. ಅವನಿಗೆ ಈಗಲೇ ಮೆಷಿನ್ ಬೇಡ, ಒಳ್ಳೆಯ 18:1 ಕೈ ಗನ್ ಕೊಡಿಸಿ. ನಾಝಲ್ ಎಷ್ಟು ಓರೆ ಹಿಡಿಯಬೇಕು, ಯಾವ ವೇಗದಲ್ಲಿ ಕೈ ಓಡಿಸಬೇಕು, ಮೂಲೆಯಲ್ಲಿ ಯಾವಾಗ ಬಿಡಬೇಕು ಅನ್ನುವುದೆಲ್ಲ ಮಾಲಿನ ಬಿಗಿ ಅಂಗೈಗೆ ಗೊತ್ತಾಗುತ್ತಿರುವಾಗಲೇ ಬರುವ ವಿದ್ಯೆ. ಸಿಲಿಕಾನ್, ಆಕ್ರಿಲಿಕ್ ಕೆಲಸ ಅವನಿಗೆ ಬಿಡಿ. ಗಟ್ಟಿ ಪಿಯು ಹತ್ತಿಪ್ಪತ್ತು ಟ್ಯೂಬ್ ಒತ್ತುವ ದಿನ ಮಾತ್ರ, ಕಲಿಯುವ ಹುಡುಗ ಅಂತ ಅದನ್ನೆಲ್ಲ ಅವನ ಕೈಗೆ ಹಾಕಬೇಡಿ. ಅವತ್ತು ಮೆಷಿನ್ ಅವನ ಕೈಗೆ ಕೊಟ್ಟು, ಡಯಲ್ ಕೆಳಗಿಟ್ಟು, ಸವರುವ ಕೆಲಸ ನೀವು ಮಾಡಿ.